ಸ್ಕೂಟರ್: ಸೆಲ್ಫ್ ಕೈಕೊಟ್ಟಾಗ ಎಂಜಿನ್ ಚಾಲೂ ಮಾಡುವ ಬಗೆ

ಪೆಟ್ರೋಲ್ ಎಂಜಿನ್ ತಾನಾಗಿ ಏಳುವ ಯಂತ್ರವಲ್ಲ. ಪಿಸ್ಟನ್ ಒಮ್ಮೆ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒಳಗೆಳೆದುಕೊಂಡು ಒತ್ತಬೇಕು, ಅದಕ್ಕೆ ಪ್ಲಗ್ಗಿನ ಕಿಡಿ ತಗುಲಬೇಕು; ಮುಂದಿನ ಸುತ್ತಿಗೆ ಬೇಕಾದ ಬಲ ಆಮೇಲಷ್ಟೇ ಹುಟ್ಟುತ್ತದೆ. ಹಾಗಾಗಿ ಕ್ರ್ಯಾಂಕ್ ದಂಡದ ಮೊದಲ ಕೆಲವು ಸುತ್ತುಗಳನ್ನು ಹೊರಗಿನವರೇ ಕೊಡಬೇಕು. ಇಂದಿನ ಸ್ಕೂಟರುಗಳಲ್ಲಿ ಅದನ್ನು ಕೊಡುವುದು ಬ್ಯಾಟರಿಯಿಂದ ತಿರುಗುವ ಒಂದು ಮೋಟಾರು. ಬಳಕೆಯ ಮಾತಿನಲ್ಲಿ ಅದೇ ‘ಸೆಲ್ಫ್’. ಸೆಲ್ಫ್ ಕೈಕೊಟ್ಟರೆ ಉಳಿಯುವ ದಾರಿಗಳು ನಾಲ್ಕು: ಕಿಕ್ ಹೊಡೆಯುವುದು, ತಳ್ಳುವುದು, ಬೇರೊಂದು ಬ್ಯಾಟರಿಯಿಂದ ಕರೆಂಟು ಪಡೆಯುವುದು, ಕ್ರ್ಯಾಂಕಿನ ತುದಿಯ ನಟ್ಟನ್ನೇ ಹಿಡಿದು ತಿರುಗಿಸುವುದು. ಎಲ್ಲ ಗಾಡಿಗೂ ಎಲ್ಲ ದಾರಿ ಇಲ್ಲ. ಎಂಜಿನ್ನಿಗೂ ಹಿಂಚಕ್ರಕ್ಕೂ ನಡುವಿನ ಜೋಡಣೆ ಎಂಥದು, ಕಿಕ್ಕರ್ ಇದೆಯೋ ಇಲ್ಲವೋ, ಪೆಟ್ರೋಲ್ ಕಾರ್ಬ್ಯುರೇಟರಿನಿಂದ ಬರುತ್ತದೋ ವಿದ್ಯುತ್ ಪಂಪಿನಿಂದ ಬರುತ್ತದೋ ಎಂಬುದರ ಮೇಲೆ ದಾರಿಗಳು ತೆರೆಯುತ್ತವೆ, ಮುಚ್ಚುತ್ತವೆ.

ಕಾಲಿನಿಂದ ಬೆರಳಿಗೆ

ಮೋಟಾರ್ ವಾಹನಗಳ ಮೊದಲ ದಿನಗಳಲ್ಲಿ ಕಾರಿನ ಮೂತಿಗೆ ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಬೈಕನ್ನು ತಳ್ಳಿಕೊಂಡು ಓಡಿ ಹತ್ತುತ್ತಿದ್ದರು, ಇಲ್ಲವೇ ಪೆಡಲ್ ತುಳಿಯುತ್ತಿದ್ದರು. ಬೈಕಿಗೆ ಕಿಕ್ಕರ್ ಜೋಡಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಸ್ಕಾಟ್ ಒಬ್ಬರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಮಾದರಿಯ ಕ್ಯಾಡಿಲ್ಯಾಕ್ ಕಾರಿನಲ್ಲಿ ಬಂತು. ಅದು ಸ್ಕೂಟರಿಗೆ ಇಳಿಯಲು ದಶಕಗಳೇ ಹಿಡಿದವು. ಇಟಲಿಯ ಪಿಯಾಜಿಯೊ ಕಂಪನಿಗಾಗಿ ಕೊರಾದಿನೊ ದಾಸ್ಕಾನಿಯೊ ವಿನ್ಯಾಸ ಮಾಡಿ 1946ರಲ್ಲಿ ಹೊರಬಂದ ವೆಸ್ಪಾ ಕೂಡ, ಮರುವರ್ಷ ಬಂದ ಲ್ಯಾಂಬ್ರೆಟಾ ಕೂಡ ಕಾಲನ್ನೇ ನಂಬಿದ ಗಾಡಿಗಳು.

ಭಾರತದ ರಸ್ತೆಗಳನ್ನು ತುಂಬಿದ್ದು ಇವೆರಡರ ಸಂತಾನವೇ. ವೆಸ್ಪಾ ವಂಶದಿಂದ ಬಜಾಜ್ 150, 1972ರಲ್ಲಿ ಚೇತಕ್, ಆಮೇಲೆ ಕಾನ್ಪುರದ ಎಲ್‌ಎಂಎಲ್ ಬಂದವು. ಲ್ಯಾಂಬ್ರೆಟಾ ವಂಶದಿಂದ ಬಂದದ್ದು ಲಖನೌದ ಸ್ಕೂಟರ್ಸ್ ಇಂಡಿಯಾ ಕಾರ್ಖಾನೆಯ ವಿಜಯ್ ಸೂಪರ್. ಗುಂಡಿ ಒತ್ತಿದರೆ ಏಳುವ, ಗೇರು ಬದಲಿಸುವ ಗೊಡವೆಯಿಲ್ಲದ ಸ್ಕೂಟರನ್ನು ಇಲ್ಲಿನ ಮಧ್ಯಮ ವರ್ಗ ಕಂಡದ್ದು 1980ರ ದಶಕದಲ್ಲಿ, ಕೈನೆಟಿಕ್ ಹೋಂಡಾ ಬಂದಾಗ. ಸೀರೆಯುಟ್ಟ ಹೆಂಗಸರು, ಮೊಣಕಾಲು ನೋವಿನ ಹಿರಿಯರು ಯಾರ ಸಹಾಯವೂ ಇಲ್ಲದೆ ಗಾಡಿ ಹೊರಡಿಸಲು ಶುರುಮಾಡಿದ್ದು ಆಗ. ಈ ಬದಲಾವಣೆ ಎಷ್ಟು ದೊಡ್ಡದು ಎಂಬುದನ್ನು ವಾಹನ ಚರಿತ್ರೆ ಬರೆಯುವವರು ಇನ್ನೂ ಸರಿಯಾಗಿ ತೂಗಿಲ್ಲ. ಹೊಸ ಶತಮಾನದ ಆರಂಭದಲ್ಲಿ ಹೋಂಡಾ ಆಕ್ಟಿವಾ ಬಂದ ಮೇಲೆ ಗೇರ್‌ಲೆಸ್ ಸ್ಕೂಟರೇ ‘ಸ್ಕೂಟರ್’ ಎಂಬ ಮಾತಿನ ಅರ್ಥವಾಯಿತು.

ಗೇರಿನ ಸ್ಕೂಟರುಗಳ ಕಾಲ

ಚೇತಕ್ ಕಾಲದ ಗಾಡಿಗೆ ‘ಸ್ಟಾರ್ಟ್ ಆಗದಿರುವುದು’ ಅಪರೂಪದ ಸಂಗತಿಯಾಗಿರಲಿಲ್ಲ. ಹಾಗಾಗಿ ಅದಕ್ಕೆ ಬೇಕಾದ ವಿದ್ಯೆಯೂ ಮನೆಮನೆಯಲ್ಲಿತ್ತು. ಟೂ-ಸ್ಟ್ರೋಕ್ ಎಂಜಿನ್ನಿನ ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕಿತ್ತು. ಆ ಎಣ್ಣೆ ಪೂರ್ತಿ ಉರಿಯದೆ ಪ್ಲಗ್ಗಿನ ತುದಿಯಲ್ಲಿ ಮಸಿಯಾಗಿ ಕೂರುತ್ತಿತ್ತು, ಕಿಡಿ ಹಾರುವ ಸಂದು ಮುಚ್ಚಿಹೋಗುತ್ತಿತ್ತು. ಮುಂದಿನ ಡಬ್ಬಿಯಲ್ಲಿ ಒಂದು ಪ್ಲಗ್ ಸ್ಪ್ಯಾನರ್, ಒಂದು ತುಂಡು ಉಪ್ಪುಕಾಗದ, ಹಳೆಯ ಬಟ್ಟೆಚೂರು ಇಲ್ಲದ ಸ್ಕೂಟರ್ ಕಾಣಸಿಗುತ್ತಿರಲಿಲ್ಲ. ಪ್ಲಗ್ ಬಿಚ್ಚಿ, ಉಜ್ಜಿ, ಸಂದನ್ನು ಕಣ್ಣಳತೆಯಲ್ಲೇ ಸರಿಮಾಡಿ, ಕ್ಯಾಪಿಗೆ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿ ಹಿಡಿದು ಕಿಕ್ ಹೊಡೆದು ನೋಡುವುದು ‘ಕರೆಂಟ್ ಬರುತ್ತಿದೆಯೇ’ ಎಂಬ ಪರೀಕ್ಷೆ. ನೀಲಿ ಕಿಡಿ ಚಟಚಟನೆ ಹಾರಿದರೆ ದೋಷ ಪೆಟ್ರೋಲಿನ ಕಡೆಯದು, ಹಾರದಿದ್ದರೆ ಕರೆಂಟಿನ ಕಡೆಯದು. ಪರೀಕ್ಷೆಯ ಹೊತ್ತಿಗೆ ಸುತ್ತಮುತ್ತ ಚೆಲ್ಲಿದ ಪೆಟ್ರೋಲ್ ಇರಕೂಡದು, ಪ್ಲಗ್ಗಿನ ತೂತಿನ ಎದುರು ಮುಖ ಇರಕೂಡದು.

ಸ್ಕೂಟರನ್ನು ಒಂದು ಮಗ್ಗುಲಿಗೆ ವಾಲಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆಯುವುದು ಆ ಕಾಲದ ಬೆಳಗಿನ ನೋಟ. ಇದು ಬರಿಯ ನಂಬಿಕೆಯಲ್ಲ. ವಾಲಿದಾಗ ಕಾರ್ಬ್ಯುರೇಟರಿನೊಳಗಿನ ತೇಲುಬುರುಡೆಯ ಸ್ಥಾನ ಪಲ್ಲಟವಾಗಿ ಒಂದಿಷ್ಟು ಪೆಟ್ರೋಲ್ ಹೆಚ್ಚಿಗೆ ಇಳಿಯುತ್ತದೆ. ತಣ್ಣಗಿರುವ ಎಂಜಿನ್ನಿಗೆ ಬೇಕಾದ ದಟ್ಟ ಮಿಶ್ರಣ ಸಿಗುತ್ತದೆ. ಚೋಕ್ ಎಳೆದರೂ ಆಗುವುದು ಅದೇ. ಎರಡನ್ನೂ ಮಾಡಿದವರಿಗೆ, ಅಥವಾ ಬಿಡದೆ ಹತ್ತಾರು ಕಿಕ್ ಹೊಡೆದವರಿಗೆ ‘ಓವರ್‌ಫ್ಲೋ’ ಕಟ್ಟಿಟ್ಟದ್ದು. ಪ್ಲಗ್ ಪೆಟ್ರೋಲಿನಲ್ಲಿ ತೊಯ್ದು ಕಿಡಿಯೇ ಹಾರುವುದಿಲ್ಲ. ಆಗ ಪೆಟ್ರೋಲ್ ಕಾಕ್ ಮುಚ್ಚಿ, ಚೋಕ್ ಒಳಗೆ ತಳ್ಳಿ, ಎಕ್ಸಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಹತ್ತು ಹನ್ನೆರಡು ಸಲ ಒದೆಯಬೇಕು. ಗಾಳಿ ನುಗ್ಗಿ ಒಳಗನ್ನು ಒಣಗಿಸುತ್ತದೆ. ಇಷ್ಟೆಲ್ಲ ಪಾಡುಪಟ್ಟ ಮೇಲೆ, ಕಾಕ್ ರಿಸರ್ವಿಗೆ ತಿರುಗಿಸುವುದೇ ಮರೆತಿತ್ತು ಎಂದು ಗೊತ್ತಾಗುವುದೂ ಉಂಟು.

ಆ ಗಾಡಿಗಳ ದೊಡ್ಡ ಗುಣವೆಂದರೆ ಕಿಡಿಗೆ ಬ್ಯಾಟರಿಯ ಹಂಗಿರಲಿಲ್ಲ. ಎಂಜಿನ್ನಿನ ಜೊತೆ ತಿರುಗುವ ಫ್ಲೈವೀಲಿನಲ್ಲಿ ಅಯಸ್ಕಾಂತಗಳಿದ್ದವು. ಅದು ತಿರುಗಿತೆಂದರೆ ಒಳಗಿನ ಸುರುಳಿಯಲ್ಲಿ ಕರೆಂಟು ಹುಟ್ಟುತ್ತಿತ್ತು. ತಿರುಗಿಸಿದವರು ಯಾರು, ಹೇಗೆ ಎಂಬುದು ಎಂಜಿನ್ನಿಗೆ ಬೇಕಿರಲಿಲ್ಲ. ಅದರಿಂದಲೇ ತಳ್ಳುವ ದಾರಿ ತೆರೆದುಕೊಂಡದ್ದು. ಕಿಕ್ಕರಿನ ಹಲ್ಲು ಸವೆದು ಜಾರುತ್ತಿದ್ದರೆ ಗಾಡಿಯನ್ನು ಎರಡನೆಯ ಗೇರಿಗೆ ಹಾಕಿ, ಕ್ಲಚ್ ಹಿಡಿದು, ಇಳಿಜಾರು ಸಿಕ್ಕರೆ ಇಳಿಜಾರಿನಲ್ಲಿ, ಸಿಗದಿದ್ದರೆ ಗೆಳೆಯನೊಬ್ಬ ಹಿಂದಿನಿಂದ ತಳ್ಳುತ್ತಿರುವಾಗ ವೇಗ ಹಿಡಿಸಿ, ಕ್ಲಚ್ಚನ್ನು ಥಟ್ಟನೆ ಬಿಡುವುದು. ಅದೇ ಗಳಿಗೆಯಲ್ಲಿ ಸೀಟಿನ ಮೇಲೆ ಭಾರ ಬೀಳಬೇಕು, ಇಲ್ಲವಾದರೆ ಪುಟ್ಟ ಚಕ್ರ ತಿರುಗದೆ ಉಜ್ಜಿಕೊಂಡು ಹೋಗುತ್ತದೆ. ಮೊದಲನೆಯ ಗೇರಿನಲ್ಲಿ ಇದು ಕಷ್ಟ. ಆ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ ಹಲವು ಸುತ್ತು ತಿರುಗಬೇಕಾದ್ದರಿಂದ ಅದರ ಬಿಗಿ ಚಕ್ರವನ್ನೇ ಕಚ್ಚಿಹಿಡಿಯುತ್ತದೆ. ಎಂಜಿನ್ ಹತ್ತಿಕೊಂಡೊಡನೆ ಮತ್ತೆ ಕ್ಲಚ್ ಹಿಡಿಯದಿದ್ದರೆ ತಳ್ಳಿದವನನ್ನು ಬೀಳಿಸಿ ಗಾಡಿ ಮುಂದೆ ಹೋಗುತ್ತದೆ.

ಕಿಕ್ಕರ್ ಹಿಂದಕ್ಕೆ ಒದೆಯುವುದು ಆ ಪೀಳಿಗೆಯ ಗಾಡಿಗಳ ಅಪಾಯ. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಿ, ಕಿಕ್ಕಿನಲ್ಲಿ ಬಲವೂ ಸಾಲದಿದ್ದರೆ ಎಂಜಿನ್ ಉಲ್ಟಾ ತಿರುಗಿ ಹಿಮ್ಮಡಿಗೋ ಮೊಣಕಾಲಿಗೋ ಪೆಟ್ಟು ಕೊಡುತ್ತದೆ. ಪಿಸ್ಟನ್ನೇ ಗಾಳಿಯ ಕಿಂಡಿಗಳನ್ನು ತೆರೆದು ಮುಚ್ಚುವ ಲ್ಯಾಂಬ್ರೆಟಾ ಬಗೆಯ ಟೂ-ಸ್ಟ್ರೋಕ್ ಎಂಜಿನ್ನು ಹಾಗೆ ಉಲ್ಟಾ ದಿಕ್ಕಿನಲ್ಲೇ ಓಡತೊಡಗುವುದೂ ಸಾಧ್ಯ. ಗೇರು ಹಾಕಿದರೆ ಗಾಡಿ ಹಿಂದಕ್ಕೆ ಹೋಗುತ್ತದೆ. ಇದಕ್ಕೆ ಮದ್ದು ಅರೆಮನಸ್ಸಿನ ಕಿಕ್ ಹೊಡೆಯದಿರುವುದು. ಮೊದಲು ಕಿಕ್ಕರನ್ನು ಮೆಲ್ಲಗೆ ಒತ್ತಿ ಬಿಗಿ ಸಿಗುವ ಜಾಗ ಹುಡುಕಬೇಕು, ಅದನ್ನು ದಾಟಿಸಿ ಕಿಕ್ಕರನ್ನು ಮೇಲಕ್ಕೆ ಬಿಡಬೇಕು, ಆಮೇಲೆ ತಳದವರೆಗೂ ಒಂದೇ ಏಟಿಗೆ ಒದೆಯಬೇಕು.

ಇದೇ ಬಗೆಯ ಎಂಜಿನ್ನನ್ನು ಹೊತ್ತ ಹಳೆಯ ಆಟೋರಿಕ್ಷಾಗಳಲ್ಲಿ ಕಿಕ್ಕರಿನ ಕೆಲಸವನ್ನು ಕೈ ಮಾಡುತ್ತಿತ್ತು. ಚಾಲಕ ಪಕ್ಕಕ್ಕೆ ಬಗ್ಗಿ ಸನ್ನೆಗೋಲನ್ನು ಸರ್ರನೆ ಮೇಲಕ್ಕೆ ಎಳೆಯುತ್ತಿದ್ದ. ಲೂನಾ, ಟಿವಿಎಸ್ 50ರಂಥ ಮೊಪೆಡ್ಡುಗಳಿಗೆ ಸೈಕಲ್ಲಿನ ಪೆಡಲ್ಲೇ ಸ್ಟಾರ್ಟರ್.

ಗೇರ್‌ಲೆಸ್ ಗಾಡಿಯನ್ನು ತಳ್ಳಿದರೇಕೆ ಸ್ಟಾರ್ಟ್ ಆಗುವುದಿಲ್ಲ

ಇಂದಿಗೂ ರಸ್ತೆಬದಿಯಲ್ಲಿ ಕಾಣುವ ದೃಶ್ಯ: ಗೇರ್‌ಲೆಸ್ ಸ್ಕೂಟರೊಂದನ್ನು ಇಬ್ಬರು ಏದುಸಿರು ಬಿಡುತ್ತಾ ತಳ್ಳುತ್ತಿರುತ್ತಾರೆ, ಮೇಲೆ ಕುಳಿತವರು ಸೆಲ್ಫ್ ಒತ್ತುತ್ತಿರುತ್ತಾರೆ. ಅವರ ಶ್ರಮವೆಲ್ಲ ವ್ಯರ್ಥ. ಯಾರಾದರೂ ಹೇಳಬೇಕಲ್ಲ ಎಂದು ಮನಸ್ಸು ಚಡಪಡಿಸುತ್ತದೆ. ಕಾರಣ ಹೀಗಿದೆ.

ಈ ಗಾಡಿಗಳಲ್ಲಿ ಕ್ರ್ಯಾಂಕಿನ ತುದಿಯಲ್ಲಿ ಎರಡು ತಟ್ಟೆಗಳ ಒಂದು ರಾಟೆ ಇದೆ, ಹಿಂಚಕ್ರದ ಬಳಿ ಇನ್ನೊಂದು, ಎರಡರ ನಡುವೆ ರಬ್ಬರ್ ಬೆಲ್ಟು. ವೇಗ ಹೆಚ್ಚಿದಂತೆ ಮುಂದಿನ ರಾಟೆಯೊಳಗಿನ ಉರುಳೆಗಳು ಹೊರಕ್ಕೆ ಸರಿದು ತಟ್ಟೆಗಳನ್ನು ಹತ್ತಿರ ಮಾಡುತ್ತವೆ, ಬೆಲ್ಟು ಮೇಲೇರುತ್ತದೆ; ಗೇರು ಬದಲಾದ ಪರಿಣಾಮ ತಾನಾಗಿ ಆಗುತ್ತದೆ. ಹಿಂದಿನ ರಾಟೆಯ ಪಕ್ಕದಲ್ಲಿ ಕ್ಲಚ್ ಇದೆ. ಒಂದು ಬಟ್ಟಲು, ಅದರೊಳಗೆ ಸ್ಪ್ರಿಂಗಿನ ಬಿಗಿಯಲ್ಲಿ ಒಳಕ್ಕೆ ಮುದುರಿಕೊಂಡಿರುವ ಮೂರು ಕ್ಲಚ್ ಶೂಗಳು. ಬಟ್ಟಲು ಚಕ್ರದ ಕಡೆಗೆ ಸೇರಿದ್ದು, ಶೂಗಳು ಎಂಜಿನ್ನಿನ ಕಡೆಗೆ. ಎಂಜಿನ್ ನಿಂತಲ್ಲೇ ನಿಮಿಷಕ್ಕೆ 1,700 ಸುತ್ತಿನ ಆಸುಪಾಸಿನಲ್ಲಿ ಓಡುವಾಗ ಶೂಗಳು ಬಟ್ಟಲನ್ನು ಮುಟ್ಟುವುದಿಲ್ಲ. ಎಕ್ಸಲರೇಟರ್ ತಿರುಗಿಸಿ ವೇಗ ಸಾಕಷ್ಟು ಏರಿದಾಗ ಶೂಗಳು ಹೊರಕ್ಕೆ ಚಾಚಿ ಬಟ್ಟಲನ್ನು ಕಚ್ಚಿಕೊಳ್ಳುತ್ತವೆ, ಗಾಡಿ ಚಲಿಸುತ್ತದೆ.

ಗಾಡಿ ತಳ್ಳಿದಾಗ ಚಕ್ರ ತಿರುಗುತ್ತದೆ, ಚಕ್ರದ ಜೊತೆ ಬಟ್ಟಲೂ ತಿರುಗುತ್ತದೆ. ಒಳಗಿನ ಶೂಗಳು ಮಾತ್ರ ಮುದುರಿಕೊಂಡೇ ಇರುತ್ತವೆ, ಅವನ್ನು ಹೊರಕ್ಕೆ ಚಾಚಿಸುವ ಎಂಜಿನ್ನೇ ನಿಂತಿದೆಯಲ್ಲ. ಬಟ್ಟಲು ಎಷ್ಟು ಜೋರಾಗಿ ತಿರುಗಿದರೂ ಆ ತಿರುಗು ಬೆಲ್ಟಿಗೆ ದಾಟುವುದಿಲ್ಲ, ಕ್ರ್ಯಾಂಕಿಗೆ ಮುಟ್ಟುವುದಿಲ್ಲ. ನಂದಿಬೆಟ್ಟದ ತುದಿಯಿಂದ ಬುಡದವರೆಗೆ ಉರುಳಿಸಿಕೊಂಡು ಬಂದರೂ ಫಲ ಇಷ್ಟೇ. ಇಂಥ ಗಾಡಿಯನ್ನು ಇನ್ನೊಂದು ವಾಹನಕ್ಕೆ ಹಗ್ಗ ಕಟ್ಟಿ ಎಳೆಸುವುದಂತೂ ವ್ಯರ್ಥದ ಜೊತೆಗೆ ಅಪಾಯ.

ಕಿಕ್ಕರ್ ಈ ಕ್ಲಚ್ಚಿನ ಗೋಜಿಗೇ ಹೋಗುವುದಿಲ್ಲ. ಒದ್ದಾಗ ಎಡಬದಿಯ ಬೆಲ್ಟ್ ಕವರಿನೊಳಗಿನ ಬಾಗುಗೇರು ಒಂದು ಪುಟ್ಟ ಗೇರನ್ನು ತಿರುಗಿಸುತ್ತಾ ಒಳಕ್ಕೆ ತಳ್ಳುತ್ತದೆ. ಅದರ ಹಲ್ಲುಗಳು ಕ್ರ್ಯಾಂಕಿನ ತುದಿಯ ರಾಟೆಯ ಹಲ್ಲುಗಳಿಗೆ ನೇರವಾಗಿ ಕಚ್ಚಿಕೊಂಡು ತಿರುಗಿಸುತ್ತವೆ. ಎಂಜಿನ್ ಹತ್ತಿದೊಡನೆ ಪುಟ್ಟ ಗೇರು ಜಾರಿ ತನ್ನ ಜಾಗಕ್ಕೆ ಮರಳುತ್ತದೆ. ಈ ಜಾರುವ ಗೇರಿಗೆ ಬಳಿದ ಗ್ರೀಸ್ ಒಣಗಿದರೆ, ಬೆಲ್ಟಿನ ಪುಡಿಯೂ ಮಳೆನೀರೂ ಸೇರಿ ಅಂಟಾದರೆ ಕಿಕ್ಕರ್ ಬಿಗಿಯಾಗುತ್ತದೆ, ಒದ್ದದ್ದು ಮೇಲೆ ಬರುವುದೇ ಇಲ್ಲ. ಸೆಲ್ಫ್ ಸರಿಯಿರುವಷ್ಟು ಕಾಲ ಯಾರೂ ಕಿಕ್ಕರ್ ಮುಟ್ಟುವುದಿಲ್ಲ. ಬೇಕಾದ ದಿನ ಅದು ತುಕ್ಕು ಹಿಡಿದಿರುತ್ತದೆ. ಸರ್ವೀಸಿಗೆ ಬಿಟ್ಟಾಗ ಕಿಕ್ಕರ್ ಶಾಫ್ಟಿಗೆ ಗ್ರೀಸ್ ಹಾಕಿ ಎಂದು ಕೇಳಿ ಮಾಡಿಸಿಕೊಳ್ಳುವುದು, ವಾರಕ್ಕೊಂದೆರಡು ಸಲ ಬೆಳಗಿನ ಮೊದಲ ಸ್ಟಾರ್ಟನ್ನು ಕಿಕ್ಕಿನಲ್ಲೇ ಮಾಡುವುದು ಒಳ್ಳೆಯ ರೂಢಿ.

ಸೆಲ್ಫ್ ಏಕೆ ಕೈಕೊಟ್ಟಿತು

ಗುಂಡಿ ಒತ್ತಿದಾಗ ಕೇಳುವ ಸದ್ದು ಅರ್ಧ ಉತ್ತರ ಹೇಳುತ್ತದೆ. ಏನೂ ಸದ್ದಿಲ್ಲದಿದ್ದರೆ ಮೊದಲು ಹಾರ್ನ್ ಒತ್ತಿ, ಇಂಡಿಕೇಟರ್ ಹಾಕಿ ನೋಡಬೇಕು. 2017ರ ಏಪ್ರಿಲ್‌ನಿಂದ ಹೊಸ ಗಾಡಿಗಳ ಹೆಡ್‌ಲೈಟು ಎಂಜಿನ್ನಿನ ಜೊತೆಗೇ ಹತ್ತುವುದರಿಂದ ಹೆಡ್‌ಲೈಟಿನ ಪರೀಕ್ಷೆ ಈಗ ನಂಬಿಕೆಗೆ ಅರ್ಹವಲ್ಲ. ಹಾರ್ನ್ ಖಡಕ್ಕಾಗಿ ಕೂಗಿಯೂ ಸೆಲ್ಫ್ ಸುಮ್ಮನಿದ್ದರೆ ಬ್ಯಾಟರಿ ನಿರಪರಾಧಿ. ಬ್ರೇಕ್ ಹಿಡಿಯದೆ ಗುಂಡಿ ಒತ್ತಿರಬಹುದು, ಬ್ರೇಕಿನ ಪುಟ್ಟ ಸ್ವಿಚ್ಚು ಕೆಟ್ಟಿರಬಹುದು, ಸೈಡ್ ಸ್ಟ್ಯಾಂಡ್ ಕೆಳಗಿರಬಹುದು, ಎಂಜಿನ್ ಕಟ್ ಸ್ವಿಚ್ಚನ್ನು ಮಕ್ಕಳು ಒತ್ತಿರಬಹುದು. ಬಲಬದಿ ಬ್ರೇಕ್ ಹಿಡಿದು ಆಗದ್ದು ಎಡಬದಿ ಹಿಡಿದಾಗ ಆಗುವುದು ಎಷ್ಟೋ ಸಲ ಕಂಡ ಸಂಗತಿ. ‘ಟಿಕ್ ಟಿಕ್’ ಎಂದರೆ ರಿಲೇ ಕೆಲಸ ಮಾಡುತ್ತಿದೆ, ಮೋಟಾರಿಗೆ ಸಾಲುವಷ್ಟು ಕರೆಂಟಿಲ್ಲ. ಬ್ಯಾಟರಿ ಇಳಿದಿರಬೇಕು, ಇಲ್ಲವೇ ಟರ್ಮಿನಲ್ ಸಡಿಲಾಗಿ ಬಿಳಿಯ ಪುಡಿ ಕಟ್ಟಿರಬೇಕು. ಮೋಟಾರು ಗಿರ್ರನೆ ತಿರುಗಿ ಎಂಜಿನ್ ಕದಲದಿದ್ದರೆ ನಡುವಿನ ಒಮ್ಮುಖ ಕ್ಲಚ್ಚೋ ಗೇರೋ ಸವೆದಿದೆ. ಸೈಡ್ ಸ್ಟ್ಯಾಂಡನ್ನೂ ಕಟ್ ಸ್ವಿಚ್ಚನ್ನೂ ಮೊದಲು ಸರಿಪಡಿಸಿಕೊಳ್ಳಬೇಕು; ಉಳಿದವಕ್ಕೆ ಕಿಕ್ ಪರಿಹಾರ. ಎಂಜಿನ್ ಚೆನ್ನಾಗಿ ತಿರುಗುತ್ತಿದ್ದೂ ಹತ್ತದಿದ್ದರೆ ಮಾತ್ರ ಕಿಕ್ ಹೊಡೆದು ಲಾಭವಿಲ್ಲ. ಕೊರತೆ ಇರುವುದು ಕಿಡಿಯದೋ ಪೆಟ್ರೋಲಿನದೋ, ತಿರುಗಿಸುವ ಬಲದ್ದಲ್ಲ.

12 ವೋಲ್ಟಿನ ಬ್ಯಾಟರಿ ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿದ್ದಾಗ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕೆ ಇಳಿದರೆ ಅದರಲ್ಲಿ ಉಳಿದಿರುವುದು ಅತ್ಯಲ್ಪ. 2020ರ ಲಾಕ್‌ಡೌನ್ ಮುಗಿದು ಜನ ಗಾಡಿ ಹೊರತೆಗೆದಾಗ ಬೀದಿಬೀದಿಯಲ್ಲಿ ಕೇಳಿದ್ದು ಈ ಟಿಕ್ ಟಿಕ್ ಸದ್ದೇ. ಬಳಸದೆ ನಿಂತ ಬ್ಯಾಟರಿ ತಾನಾಗಿ ಸೋರುತ್ತದೆ, ಅಲಾರಂನಂಥ ಬಿಡಿ ಉಪಕರಣ ಸಿಕ್ಕಿಸಿದ್ದರೆ ಇನ್ನೂ ಬೇಗ.

ಗೇರ್‌ಲೆಸ್ ಗಾಡಿಗೆ ಕಿಕ್ ಹೊಡೆಯುವಾಗ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಬ್ರೇಕ್ ಹಿಡಿದಿರಬೇಕು. ಎಂಜಿನ್ ಹತ್ತಿದ ಉತ್ಸಾಹದಲ್ಲಿ ಎಕ್ಸಲರೇಟರ್ ಕೊಟ್ಟರೆ ಗಾಳಿಯಲ್ಲಿ ತಿರುಗುತ್ತಿರುವ ಚಕ್ರ ನೆಲ ಮುಟ್ಟಿದ ಕ್ಷಣ ಗಾಡಿ ಎದುರಿನ ಗೋಡೆಗೆ ನುಗ್ಗುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸುತ್ತಾ ನಿಲ್ಲಕೂಡದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ

2020ರ ಏಪ್ರಿಲ್ 1ರಿಂದ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದು ಹೊಸ ಸ್ಕೂಟರುಗಳಿಂದ ಕಾರ್ಬ್ಯುರೇಟರ್ ಮರೆಯಾಯಿತು. ಈಗ ಪೆಟ್ರೋಲನ್ನು ಟ್ಯಾಂಕಿನೊಳಗಿನ ವಿದ್ಯುತ್ ಪಂಪು ಒತ್ತಡದಲ್ಲಿ ಕಳಿಸುತ್ತದೆ, ಎಷ್ಟು ಸಿಂಪಡಿಸಬೇಕೆಂದು ಒಂದು ಪುಟ್ಟ ಗಣಕ ಲೆಕ್ಕ ಹಾಕುತ್ತದೆ. ಕೀ ತಿರುಗಿಸಿದಾಗ ಸೀಟಿನಡಿ ಕೇಳುವ ಸಣ್ಣ ಝೇಂಕಾರ ಆ ಪಂಪಿನದು. ಅದು ನಿಂತ ಮೇಲೆ ಸ್ಟಾರ್ಟ್ ಮಾಡಬೇಕು. ಎಕ್ಸಲರೇಟರ್ ತಿರುಗಿಸುತ್ತಾ ಕಿಕ್ ಹೊಡೆಯುವ ಹಳೆಯ ಅಭ್ಯಾಸದ ಅಗತ್ಯ ಇಲ್ಲಿಲ್ಲ.

ಸವಾರರು ತಿಳಿದಿರಲೇಬೇಕಾದದ್ದು ಇಲ್ಲಿದೆ. ಪಂಪಿಗೂ ಗಣಕಕ್ಕೂ ಕರೆಂಟು ಬೇಕು. ಬ್ಯಾಟರಿ ಸೆಲ್ಫ್ ತಿರುಗಿಸಲಾರದಷ್ಟು ಇಳಿದಿದ್ದರೂ ಇವೆರಡನ್ನು ನಡೆಸುವಷ್ಟು ಉಳಿದಿದ್ದರೆ ಕಿಕ್ಕಿಗೆ ಗಾಡಿ ಏಳುತ್ತದೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಕಾಲು ಸೋಲುವವರೆಗೆ ಒದ್ದರೂ ಏಳದಿರಬಹುದು. ಕೀ ಹಾಕಿದಾಗ ಮೀಟರಿನ ದೀಪಗಳು ಹತ್ತಲಿಲ್ಲ, ಪಂಪಿನ ಸದ್ದೂ ಬರಲಿಲ್ಲ ಎಂದರೆ ಮೊದಲು ಫ್ಯೂಸ್ ನೋಡಿ, ಆಮೇಲೆ ಬೇರೆ ಬ್ಯಾಟರಿಯ ಆಸರೆ ಹುಡುಕುವುದು ಜಾಣತನ.

ಆಸರೆ ಪಡೆಯುವ ಕ್ರಮ ಸರಳ, ತಪ್ಪಿದರೆ ದುಬಾರಿ. ಕೊಡುವ ಬ್ಯಾಟರಿಯೂ 12 ವೋಲ್ಟಿನದೇ ಆಗಿರಬೇಕು. ಕಾರಿನದಾದರೆ ಕಾರಿನ ಎಂಜಿನ್ ಬಂದ್ ಆಗಿರಬೇಕು. ಕೆಂಪು ತಂತಿಯನ್ನು ಮೊದಲು ಸ್ಕೂಟರಿನ ಧನ ತುದಿಗೆ, ಆಮೇಲೆ ಕೊಡುವ ಬ್ಯಾಟರಿಯ ಧನ ತುದಿಗೆ ಸಿಕ್ಕಿಸಬೇಕು. ಕಪ್ಪು ತಂತಿ ಕೊಡುವ ಬ್ಯಾಟರಿಯ ಋಣ ತುದಿಗೆ. ಅದರ ಇನ್ನೊಂದು ಕೊನೆ ಸ್ಕೂಟರಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಕೊನೆಯ ತಂತಿ ತಾಗುವಾಗ ಕಿಡಿ ಹಾರುವುದುಂಟು, ಬ್ಯಾಟರಿಯ ಬಳಿ ಜಲಜನಕ ಇರಬಹುದಾದ್ದರಿಂದ ಈ ದೂರ. ಎಂಜಿನ್ ಹತ್ತಿದ ಮೇಲೆ ಸಿಕ್ಕಿಸಿದ್ದಕ್ಕೆ ಉಲ್ಟಾ ಕ್ರಮದಲ್ಲಿ ಬಿಚ್ಚಬೇಕು. ಧನ-ಋಣ ಅದಲುಬದಲಾದರೆ ಗಣಕ ಸುಟ್ಟುಹೋಗಬಹುದು, ಅದರ ಬೆಲೆಯ ಮುಂದೆ ಹೊಸ ಬ್ಯಾಟರಿಯ ಬೆಲೆ ಏನೇನೂ ಅಲ್ಲ.

ನಟ್ಟು ತಿರುಗಿಸುವ ಕೊನೆಯ ದಾರಿ

ಸೆಲ್ಫೂ ಇಲ್ಲ, ಕಿಕ್ಕರಿನ ಹಲ್ಲೂ ಹೋಗಿದೆ ಎಂಬಂಥ ಗಾಡಿಯನ್ನು ವರ್ಕ್‌ಶಾಪಿನಲ್ಲಿ ಒಮ್ಮೆ ಓಡಿಸಿ ನೋಡಬೇಕಾದಾಗ ಮೆಕ್ಯಾನಿಕ್ಕರು ಬೆಲ್ಟ್ ಕವರ್ ಬಿಚ್ಚಿ, ಕ್ರ್ಯಾಂಕಿನ ತುದಿಯ ನಟ್ಟಿಗೆ ಸಾಕೆಟ್ ಹಾಕಿ, ಬಲವಾದ ಡ್ರಿಲ್ ಯಂತ್ರದಿಂದ ತಿರುಗಿಸುವುದುಂಟು. ಪಾಶ್ಚಾತ್ಯ ದೇಶಗಳಲ್ಲಿ ಚೀನಾ, ತೈವಾನ್ ಮೂಲದ ಜಿವೈ6 ಬಗೆಯ ಎಂಜಿನ್ನಿನ ಸ್ಕೂಟರುಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರಲ್ಲಿ ಈ ಉಪಾಯ ಪರಿಚಿತ. ತತ್ವದಲ್ಲಿ ತಪ್ಪೇನಿಲ್ಲ, ಕಿಕ್ಕರ್ ತಿರುಗಿಸುವುದೂ ಅದೇ ತುದಿಯನ್ನೇ. ಅಪಾಯ ಎಂಜಿನ್ ಹತ್ತಿಕೊಂಡ ಕ್ಷಣದಲ್ಲಿದೆ. ಡ್ರಿಲ್ಲಿಗಿಂತ ಜೋರಾಗಿ ತಿರುಗತೊಡಗಿದ ಕ್ರ್ಯಾಂಕು ಸಾಕೆಟ್ಟನ್ನು ಬಿಡದೆ ಹಿಡಿದರೆ ಯಂತ್ರ ಕೈಯಿಂದ ತಿರುಚಿಕೊಂಡು ಹಾರುತ್ತದೆ, ಮಣಿಕಟ್ಟು ಮುರಿಯುತ್ತದೆ. ತೆರೆದ ಬೆಲ್ಟು ದುಪಟ್ಟಾ, ತೋಳು, ಬೆರಳು ಯಾವುದನ್ನಾದರೂ ಸೆಳೆದುಕೊಳ್ಳಬಹುದು. ದಿಕ್ಕು ತಪ್ಪಿದರೆ ನಟ್ಟೇ ಸಡಿಲಾಗುತ್ತದೆ. ರಸ್ತೆಬದಿಯಲ್ಲಿ, ಮನೆಯಂಗಳದಲ್ಲಿ ಮಾಡುವ ಕೆಲಸ ಇದಲ್ಲ.

ಮರೆಯಾಗುತ್ತಿರುವ ಕಿಕ್ಕರ್

ಈಚಿನ ಹಲವು ಮಾದರಿಗಳಲ್ಲಿ ಸೆಲ್ಫ್ ಮೋಟಾರೆಂಬ ಬಿಡಿಭಾಗವೇ ಇಲ್ಲ. ಬ್ಯಾಟರಿ ಚಾರ್ಜ್ ಮಾಡುವ ಜನರೇಟರಿಗೇ ಉಲ್ಟಾ ಕರೆಂಟು ಕೊಟ್ಟು ಕ್ರ್ಯಾಂಕನ್ನು ತಿರುಗಿಸುತ್ತಾರೆ. 2020ರ ಆಕ್ಟಿವಾ 6ಜಿ ಇದೇ ಬಗೆಯದು. ಗೇರುಗಳ ಕರಕರ ಸದ್ದಿಲ್ಲ, ಸವೆಯುವ ಕಾರ್ಬನ್ ಬ್ರಶ್ಶೂ ಇಲ್ಲ. ಈ ಸುಧಾರಣೆ ನಿಜಕ್ಕೂ ದೊಡ್ಡದು, ಕೆಡುವುದು ಕಡಿಮೆ. ಅದನ್ನೇ ನೆಪವಾಗಿಸಿ ಕಿಕ್ಕರನ್ನು ಕೈಬಿಡುತ್ತಿರುವುದು ಮಾತ್ರ ಸರಿಯಲ್ಲ ಎಂದು ಈ ಲೇಖಕನ ದೃಢ ಅಭಿಪ್ರಾಯ. ಮೋಟಾರು ಎಷ್ಟೇ ಉತ್ತಮವಾದರೂ ಅದನ್ನು ತಿರುಗಿಸುವ ಬ್ಯಾಟರಿ ಹಳೆಯ ಸ್ವಭಾವದ್ದೇ, ಕೆಲವೇ ವರ್ಷಗಳಲ್ಲಿ ಮುದಿಯಾಗುವಂಥದು. ತಳ್ಳುವ ದಾರಿ ಗೇರ್‌ಲೆಸ್ ಜೋಡಣೆಯಿಂದಲೇ ಮುಚ್ಚಿಹೋಯಿತು, ಕಿಕ್ಕರೂ ಹೋದರೆ ಸವಾರರ ಕೈಯಲ್ಲಿ, ಕಾಲಲ್ಲಿ ಏನೂ ಉಳಿಯುವುದಿಲ್ಲ. ಮೆಕ್ಯಾನಿಕ್ ಸಿಗದ ಘಟ್ಟದ ರಸ್ತೆಯಲ್ಲಿ, ಸಂಜೆಗತ್ತಲಲ್ಲಿ ಒಂಟಿಯಾಗಿ ನಿಂತವರಿಗೆ ಇದು ಸಣ್ಣ ವಿಷಯವಲ್ಲ. ಹೊಸ ಗಾಡಿ ಕೊಳ್ಳುವವರು ಬಣ್ಣ, ಮೈಲೇಜು ಕೇಳುವುದರ ಜೊತೆಗೆ ಎಡಬದಿ ಬಗ್ಗಿ ಕಿಕ್ಕರ್ ಇದೆಯೇ ಎಂದು ನೋಡಬೇಕು.

ನೀರಿನಲ್ಲಿ ಮುಳುಗಿದ ಗಾಡಿ

ಮೇಲಿನ ಯಾವ ದಾರಿಯನ್ನೂ ಹಿಡಿಯಬಾರದ ಸಂದರ್ಭ ಒಂದಿದೆ. ಬೆಂಗಳೂರಿನ ನೆಲಮಾಳಿಗೆಯ ಪಾರ್ಕಿಂಗಿನಲ್ಲೋ ಕೊಡಗು, ಕರಾವಳಿಯ ನೆರೆಯಲ್ಲೋ ಸೀಟಿನವರೆಗೆ ಮುಳುಗಿದ ಸ್ಕೂಟರಿಗೆ ಸೆಲ್ಫ್ ಒತ್ತಬಾರದು, ಕಿಕ್ಕೂ ಹೊಡೆಯಬಾರದು. ಗಾಳಿಯಂತೆ ನೀರು ಒತ್ತಿಗೆ ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಪಿಸ್ಟನ್ ಮೇಲೇರಲು ಯತ್ನಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಿ ಪ್ಲಗ್ ಬಿಚ್ಚಬೇಕು. ಆಮೇಲೆ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿದರೆ ಪ್ಲಗ್ಗಿನ ತೂತಿನಿಂದ ನೀರು ಚಿಮ್ಮಿ ಹೊರಬರುತ್ತದೆ. ಏರ್ ಫಿಲ್ಟರ್ ತೆಗೆದು ಒಣಗಿಸಬೇಕು, ಅಥವಾ ಹೊಸದು ಹಾಕಬೇಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಅಲ್ಲಿಗೂ ಇಳಿದಿದೆ. ಅದನ್ನು ಪೂರ್ತಿ ಬಸಿದು ಹೊಸದು ತುಂಬಿ, ಸ್ವಲ್ಪ ಹೊತ್ತು ಓಡಿಸಿ, ಮತ್ತೊಮ್ಮೆ ಬದಲಿಸಬೇಕಾಗುತ್ತದೆ. ಬೆಲ್ಟ್ ಕವರಿನೊಳಗೆ ನಿಂತ ನೀರನ್ನು ಅದರ ತಳದ ಪುಟ್ಟ ರಬ್ಬರ್ ಬಿರಡೆ ಕಿತ್ತು ಹರಿಯಬಿಡಬೇಕು. ಒದ್ದೆ ಬೆಲ್ಟು ಜಾರುವುದರಿಂದ ಎಂಜಿನ್ ಹತ್ತಿದ ಮೇಲೂ ಅದು ಒಣಗುವ ತನಕ ಗಾಡಿ ಮುಂದೆ ಹೋಗಲು ತಡವರಿಸುತ್ತದೆ.